ಬಿಂದಾಚಾರ್ರ ಸೊಂಟ ಮತ್ತು ಬಾವಿಯ ಹಗ್ಗ

ಬಾವಿಗೆ ಹಗ್ಗವಿರಲಿಲ್ಲ. ರಾಟೆಯೂ ಇರಲಿಲ್ಲ. ಕೆಲಸ ಸಿಕ್ಕಿತೆಂದು ಮೈಸೂರಿಗೆ ಬಂದು, ಅಗ್ರಹಾರದ ಒಂದು ಮನೆಯ ಮುಂಗೋಣೆಯನ್ನು ಬಾಡಿಗೆಗೆ ಹಿಡಿದಿದ್ದ ಲಕ್ಷ್ಮೀನರಸಿಂಹನೆಂಬ ಗುಮಾಸ್ತ, ಮೊದಲನೆಯ ಬೆಳಿಗ್ಗೆಯೇ ಖಾಲಿ ಬಿಂದಿಗೆ ಹಿಡಿದು ಬಾವಿಕಟ್ಟೆಯ ಮೇಲೆ ಬೆಪ್ಪನಂತೆ ನಿಂತಿದ್ದ. ಈ ಲಕ್ಷ್ಮೀನರಸಿಂಹ ಬೇರೆ ಯಾರೂ ಅಲ್ಲ, ಇದನ್ನು ಬರೆಯುತ್ತಿರುವವನೇ. ‘ನಾನು’ ಎಂದು ಎದೆ ತಟ್ಟಿ ಬರೆದುಕೊಳ್ಳುವಂಥ ಘನಕಾರ್ಯವೇನನ್ನೂ ಅವನು ಈ ಕಥೆಯಲ್ಲಿ ಮಾಡಿಲ್ಲ. ಹೆಸರು ಹಿಡಿದು ಕರೆದರೆ ಅವನಿಗೆ ಅದೇ ಹೆಚ್ಚು.

ಹಿತ್ತಲ ಸೌದೆಮನೆಯಿಂದ ಕಿರಕಿರನೆ ಸದ್ದು ಬಂತು. ಬಾವಿಯ ರಾಟೆ ತಿರುಗುವ ಸದ್ದೇ. ಬಾವಿ ಇಲ್ಲಿದೆ, ರಾಟೆ ಅಲ್ಲಿ ಯಾಕೆ ಕೂಗುತ್ತಿದೆ ಎಂದು ಅವನು ಬಾಗಿಲ ಸಂದಿಯಿಂದ ಇಣುಕಿದ. ಒಳಗೆ ಮನೆಯ ಯಜಮಾನರು, ಐವತ್ತರ ಹತ್ತಿರದ ಬ್ರಾಹ್ಮಣರು, ಬಿದಿರೇಣಿಯ ಮೇಲೆ ಅಂಗಾತ ಮಲಗಿದ್ದರು. ಕಾಲುಗಳನ್ನು ಏಣಿಯ ಮೇಲಿನ ಮೆಟ್ಟಿಲಿಗೆ ಬಿಗಿಯಾಗಿ ಕಟ್ಟಿತ್ತು. ಆ ಕಡೆಯ ತುದಿಯನ್ನು ಬಾವಿಯ ಹಗ್ಗ ತೊಲೆಯ ರಾಟೆಯ ಮೇಲಿಂದ ಎಳೆದು ಎತ್ತರಿಸಿತ್ತು. ತಲೆ ಕೆಳಗೆ, ಪಾದ ಮೇಲೆ. ಜನಿವಾರ ಕಿವಿಗೆ ಸುತ್ತಿತ್ತು, ಮುಖ ಬೀಟ್‌ರೂಟಿನಂತಾಗಿತ್ತು. ಹಗ್ಗದ ಇನ್ನೊಂದು ತುದಿಯನ್ನು ಸೆರಗು ಸಿಕ್ಕಿಸಿಕೊಂಡ ಅವರ ಹೆಂಡತಿ ಪಂಕಜಮ್ಮ ಎರಡು ಕೈಯಲ್ಲೂ ಹಿಡಿದು ಎಳೆಯುತ್ತಿದ್ದರು.

ಮದುವೆಯಾಗದ ಗುಮಾಸ್ತನಿಗೆ ಹೊಳೆದದ್ದು ಒಂದೇ: ಈಯಮ್ಮ ಗಂಡನಿಗೆ ಶಿಕ್ಷೆ ಕೊಡುತ್ತಿದ್ದಾರೆ. ಮನೆಯ ಯಜಮಾನನಿಗೇ ಈ ಗತಿಯಾದರೆ ಬಾಡಿಗೆಯವನ ಗತಿ? ಆದರೂ ಮನುಷ್ಯತ್ವ ಎಂಬುದೊಂದು ಇದೆಯಲ್ಲ. ಅವನು ಒಳಗೆ ಹೋಗಿ, ಬಿಂದಿಗೆಯನ್ನು ಎದೆಗೆ ಅವುಚಿಕೊಂಡೇ ಕೈಮುಗಿದ.

“ಅಮ್ಮಾ, ಹಿರಿಯರು. ಏನೇ ತಪ್ಪು ಮಾಡಿದ್ರೂ ಇದೊಂದು ಸಲ ಬಿಟ್ಬಿಡಿ.”

ಪಂಕಜಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ಹಗ್ಗ ಜಾರಿ ಏಣಿ ಗೇಣುದ್ದ ಧಡಕ್ಕನೆ ಇಳಿಯಿತು. “ಅಯ್ಯೋ ನಿಮ್ಮ! ಶಿಕ್ಷೆ ಅಲ್ಲ ಕಣಪ್ಪಾ, ಸೊಂಟನೋವಿಗೆ ಔಷಧಿ. ಹಗ್ಗ ಬೇಕಿತ್ತಾ? ಒಂಚೂರು ತಡೀರಿ, ಇವರನ್ನ ಇಳಿಸಿಬಿಟ್ಟು ಕೊಡ್ತೀನಿ.”

ಏಣಿಯ ಮೇಲಿದ್ದವರು ಒಂದು ಮಾತೂ ಆಡಲಿಲ್ಲ. ಕಣ್ಣಿನಲ್ಲೇ ಸುಟ್ಟರು. ಇಳಿದು, ಕಿವಿಯ ಜನಿವಾರ ಬಿಚ್ಚಿ, ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿದ ಮೇಲಷ್ಟೇ ಕೇಳಿದರು: “ನೀನೇ ಏನಯ್ಯಾ ಹೊಸ ಬಾಡಿಗೆಯವನು? ಸರ್ಕಾರಿ ಕಚೇರೀಲಿ ಕೆಲಸ ಅಲ್ವೇ? ನೋಡಿದ್ರೇ ಗೊತ್ತಾಗುತ್ತೆ.”

ಅವರೇ ಬಿಂದುಮಾಧವಾಚಾರ್ಯರು. ಅಗ್ರಹಾರದ ಬಾಯಲ್ಲಿ ಬಿಂದಾಚಾರ್ರು. ಮದುವೆಮನೆಗಳ ಮಡಿ ಅಡಿಗೆಯವರು.

ಸೊಂಟದ ಕಥೆ ಅದಕ್ಕಿಂತ ಎರಡು ವರ್ಷ ಹಿಂದಿನದು. ಸಾವಿರದ ಒಂಬೈನೂರ ನಲವತ್ತೊಂಬತ್ತರ ವೈಶಾಖದಲ್ಲಿ, ಒಂದು ಛತ್ರದ ಹಿಂಭಾಗದಲ್ಲಿ, ಅನ್ನದ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವಾಗ ಅವರ ಸೊಂಟದಲ್ಲಿ ಏನೋ ‘ಕಳಕ್’ ಎಂದಿತು. ಕೊಪ್ಪರಿಗೆ ಇಳಿಯಿತು. ಅನ್ನ ಚೆಲ್ಲಲಿಲ್ಲ. ಮೇಲೇಳಲು ಹೋದ ಆಚಾರ್ರು ಮಾತ್ರ ಅರ್ಧದಲ್ಲೇ ನಿಂತರು. ಬೀಗರಿಗೆ ನಮಸ್ಕಾರ ಮಾಡುತ್ತಿದ್ದಾರೆಂದು ಯಾರೋ ಆಶೀರ್ವಾದವನ್ನೂ ಮಾಡಿಬಿಟ್ಟರು.

ಬೇರೆ ಕೆಲಸದವರಾಗಿದ್ದರೆ ಎಣ್ಣೆ ಹಚ್ಚಿಕೊಂಡು ಮಲಗಬಹುದಿತ್ತು. ಆಚಾರ್ರ ಗುಂಪಿನಲ್ಲಿ ಅವರ ತಂದೆಯ ಕಾಲದಿಂದ ಬಂದ ಒಂದು ಕಟ್ಟಳೆಯಿತ್ತು. ದೇವರ ನೈವೇದ್ಯಕ್ಕೆ ಹೋಗುವ ಮೊದಲ ಅನ್ನದ ಕೊಪ್ಪರಿಗೆಯನ್ನು ಹಿರಿಯ ಅಡಿಗೆಯವನೇ ಇಳಿಸಬೇಕು. ಕೊಪ್ಪರಿಗೆಯ ಹಿಡಿಗಳಾದ ಎರಡು ಬಳೆಗಳಲ್ಲಿ ಎದುರು ಬಳೆ ಹಿಡಿಯಲು ಒಬ್ಬ ಸಹಾಯಕ ಇರಬಹುದು, ಅಷ್ಟೆ. ಎಂದು ಅವನ ಕೈಯಲ್ಲಿ ಕೊಪ್ಪರಿಗೆ ಇಳಿಯುವುದಿಲ್ಲವೋ ಅಂದು ಅವನು ದೊಡ್ಡ ಸೌಟನ್ನು ಕಿರಿಯವನ ಕೈಗೆ ಕೊಟ್ಟು, ತರಕಾರಿ ಹೆಚ್ಚುವವರ ಸಾಲಿನಲ್ಲಿ ಈಳಿಗೆಮಣೆಯ ಮೇಲೆ ಕೂರಬೇಕು. ಅವರ ತಂದೆಯೂ ಹಾಗೆಯೇ ಕೂತಿದ್ದರು. ಕೂತ ಮೇಲೆ ಯಾರ ಮುಖವನ್ನೂ ನೋಡದೆ, ಕುಂಬಳಕಾಯಿಯನ್ನೇ ನೋಡುತ್ತ ಉಳಿದ ಆಯುಷ್ಯ ಕಳೆದಿದ್ದರು. ಮದುವೆಗೆ ಕರೆ ಬಂದರೆ ಊಟ, ಬಾರದಿದ್ದರೆ ಮಠದ ಪಂಕ್ತಿ. ಆ ಬಾಗಿದ ತಲೆಯನ್ನು ಆಚಾರ್ರು ಕಂಡಿದ್ದರು. ತಮ್ಮ ತಲೆ ಹಾಗೆ ಬಾಗಬಾರದೆಂಬುದೊಂದೇ ಅವರಿಗಿದ್ದ ಹಟ, ಹೆದರಿಕೆ ಎರಡೂ.

ಎದುರು ಬಳೆ ಹಿಡಿಯುತ್ತಿದ್ದವನು ವೆಂಕೋಬ. ಮೂವತ್ತರ ಪ್ರಾಯ, ಕಂಬದಂಥ ಮೈ. ಅವನು ಒಳ್ಳೆಯವನಾಗಿದ್ದದ್ದೇ ದೊಡ್ಡ ಕಷ್ಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. “ಆಚಾರ್ರೇ, ಭಾರ ಅನ್ನಿಸಿದ್ರೆ ಹೇಳಿ, ನನ್ನ ಕಡೆಗೆ ಜಾಸ್ತಿ ಎಳ್ಕೋತೀನಿ” ಎನ್ನುತ್ತಿದ್ದ. ಆಚಾರ್ರು ಹಲ್ಲು ಕಚ್ಚಿ, “ಭಾರವೇ? ನನಗೆ ನೀನೇ ಭಾರ ಕಣೋ” ಎನ್ನುತ್ತಿದ್ದರು. ಆಮೇಲೆ ಉಗ್ರಾಣಕ್ಕೆ ಹೋಗಿ, ಅಕ್ಕಿಮೂಟೆಯ ಮೇಲೆ ಬೋರಲು ಬಿದ್ದುಕೊಂಡು, ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುವ ಉರಿ ಇಳಿಯುವ ತನಕ ಪಂಚೆಯ ಚುಂಗು ಕಚ್ಚಿಕೊಂಡಿರುತ್ತಿದ್ದರು.

ಔಷಧಿಗಳು ಒಂದೆರಡಲ್ಲ. ಉಪ್ಪಿನ ಶಾಖ, ಎಕ್ಕದ ಎಲೆ, ಹುರುಳಿಕಾಳಿನ ಗಂಟು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟ ಬಿಡುತ್ತದೆಂದು ಯಾರೋ ಹೇಳಿದರು. ಹಿನಕಲ್ಲಿನಲ್ಲಿ ದೇವಿರಮ್ಮ ಎಂಬ ಮುದುಕಿ ಹಾಗೆ ಹುಟ್ಟಿದವಳಂತೆ. ಜಟಕಾದ ಕುಲುಕಿಗೆ ನರಳುತ್ತ ಅಲ್ಲಿಗೆ ಹೋಗಿ, ಅವಳ ಹಟ್ಟಿಯ ಮುಂದೆ ಬೋರಲು ಮಲಗಿದರು. ಮುದುಕಿ ನೋಡಿದಳು, ಜುಟ್ಟು ಕಂಡಳು, ಮುದ್ರೆ ಕಂಡಳು.

“ಶಿವನೇ! ಐನೋರ ಮೈಮ್ಯಾಲೆ ಕಾಲಿಕ್ಕಾದಾ? ನನ್ ಏಳು ತಲೆಗೆ ಪಾಪ ಸುತ್ಕತ್ತದೆ, ಏಳಿ ಬುದ್ದಿ.”

“ನಾನೇ ತುಳೀ ಅಂತಿದೀನಲ್ಲ ತಾಯಿ, ಪಾಪ ನನಗಿರಲಿ, ತುಳಿ!”

ಕೊನೆಗೆ ಮುದುಕಿ ಕಣ್ಣುಮುಚ್ಚಿಕೊಂಡು, ಕಾಲಿನ ಕಿರುಬೆರಳನ್ನು ಬೆನ್ನಿಗೆ ಸೋಕಿಸಿ, ಮೂರು ಸಲ ಗಲ್ಲ ಬಡಿದುಕೊಂಡಳು. ಗುಬ್ಬಿ ಕೂತು ಎದ್ದ ಹಾಗಾಯಿತು. ಹೋದ ಹಾಗೆಯೇ ನರಳುತ್ತ ಬಂದರು.

ನಿವೃತ್ತ ಮೇಷ್ಟ್ರೊಬ್ಬರು ಶೀರ್ಷಾಸನ ಹೇಳಿಕೊಟ್ಟರು. ತಲೆಕೆಳಗಾದರೆ ಬೆನ್ನಿನ ಭಾರ ಇಳಿಯುತ್ತದೆಂಬುದು ಯೋಗಿಗಳು ಎಂದೋ ಕಂಡುಕೊಂಡದ್ದು ಎಂದರು. ಗೋಡೆಗೊರಗಿ ಆಚಾರ್ರು ತಲೆಯ ಮೇಲೆ ನಿಂತರು. ಭಾರವೆಲ್ಲ ಕತ್ತಿಗೆ ಬಂತು. ಸೊಂಟದ ಜೊತೆಗೆ ಕತ್ತೂ ಹಿಡಿದುಕೊಂಡಿತು. ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರು ಮರ್ಯಾದಸ್ಥರು. ಮಂಚದ ಮೇಲೆ ಮಲಗಿಸಿ, ಕಾಲಿಗೆ ಭಾರ ಕಟ್ಟಿ ಎಳೆಯಬೇಕು, ವಾರಗಟ್ಟಲೆ ಅಲ್ಲಾಡಬಾರದು ಎಂದರು.

“ಲಗ್ನದ ಕಾಲ ಡಾಕ್ಟ್ರೇ. ಈಗ ಮಲಗಿದ್ರೆ ಆಮೇಲೆ ಏಳೋದಕ್ಕೆ ಕಾರಣವೇ ಇರಲ್ಲ. ಬೇಗ ಆಗೋದು ಏನಾದ್ರೂ?”

ಡಾಕ್ಟರು ನಕ್ಕರು. “ಎರಡು ಸಾವಿರ ವರ್ಷದ ಹಿಂದೆ ಗ್ರೀಸ್ ದೇಶದಲ್ಲಿ ಬೆನ್ನು ಕೆಟ್ಟವರನ್ನ ಏಣಿಗೆ ಕಟ್ಟಿ, ತಲೆಕೆಳಗೆ ಮಾಡಿ, ಮೇಲಿಂದ ಕೆಳಕ್ಕೆ ಕುಕ್ಕುತಿದ್ರಂತೆ. ಅದು ಬೇಗ ಆಗುತ್ತೆ. ಸೊಂಟ ಬಿಡುತ್ತೆ, ಇಲ್ಲ ಪ್ರಾಣ ಬಿಡುತ್ತೆ.”

ಡಾಕ್ಟರು ತಮಾಷೆಗೆ ಹೇಳಿದ್ದು. ಮುಳುಗುವವನು ತಮಾಷೆಯನ್ನೂ ಹಗ್ಗವೆಂದೇ ಹಿಡಿಯುತ್ತಾನೆ. ಆಚಾರ್ರು ಮನೆಗೆ ಬಂದವರೇ, “ಪಂಕಜಾ, ನಮ್ಮ ಏಣಿ ಗಟ್ಟಿಯಾಗಿದೆಯೇನೇ?” ಎಂದು ಕೇಳಿದರು.

“ಮಾಳಿಗೆ ಹತ್ತೋ ವಯಸ್ಸೇ ಇದು? ಸುಮ್ಮನೆ ಬಿದ್ಕೊಳ್ಳಿ” ಎಂದರು ಅವರು.

ಕೊನೆಗೆ, ಯಾರೂ ಗುರುತು ಹಿಡಿಯಬಾರದೆಂದು ತಲೆಗೆ ಶಲ್ಯ ಹೊದ್ದು, ಬೆಳಗಿನ ಜಾವ ಅವರು ನಜರ್‌ಬಾದಿನ ಕಡೆಯ ಒಂದು ಗರಡಿಮನೆಗೆ ಹೋದರು. ಗರಡಿಯ ಉಸ್ತಾದ ಚಿಕ್ಕಣ್ಣ, ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡು ಬಾಗಿಲಲ್ಲೇ ನಿಂತಿದ್ದ.

“ಏನ್ ಸ್ವಾಮಿ, ದಾರಿ ತಪ್ಪುಬುಟ್ರಾ? ಮಠ ಆ ಕಡೆ.”

“ಸೊಂಟ ಕಣಯ್ಯಾ.”

“ನಿಮ್ಮಂತೋರು ಇಲ್ಲೀಗಂಟ ಬಂದಿದೀರಿ ಅಂದ್ರೆ, ಡಾಕ್ಟ್ರೂ ದೇವ್ರೂ ಇಬ್ರೂ ಕೈ ಬುಟ್ಟವ್ರೆ ಅಂತಾಯ್ತು. ಬನ್ನಿ, ಬಲಗಾಲು ಮುಂದಿಕ್ಕಿ. ನಮ್ ತಾತನ ಕಾಲ್ದಿಂದ್ಲೂ ಪೈಲ್ವಾನನ ಸೊಂಟ ಹಿಡ್ಕತ್ತು ಅಂದ್ರೆ ಅಷ್ಟೇಯ, ತೊಲೆಗೆ ಕಾಲು ಕಟ್ಟಿ ಬುಟ್ಬುಡೋದು. ದಿನಾ ಹೊತ್ಕಂಡಿದ್ ಭಾರಾನ ಮೂಳೆ ಒಂಚೂರು ಕೆಳಗಿಳಿಸ್ತದೆ.”

ಇಬ್ಬರು ಪೈಲ್ವಾನರು ಆಚಾರ್ರನ್ನು ಬಾಳೆಗೊನೆಯಂತೆ ಎತ್ತಿದರು. ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿಯಿಂದ ಕಣಕಾಲು ಕಟ್ಟಿ ತೊಲೆಗೆ ತೂಗುಹಾಕಿದರು. ತಲೆ ಕೆಳಗಾದ ಕ್ಷಣವೇ ಜನಿವಾರ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಲ್ಲಕ್ಕೆ ಜಾರಿತು.

“ಏ, ಇಳ್ಸಿ ಇಳ್ಸಿ! ಸ್ವಾಮಿಗಳ ದಾರ ಬಿದ್ದೋಯ್ತದೆ!”

ಇಳಿಸಿದರು. ಜನಿವಾರವಿಲ್ಲದ ಮೈ ಮಡಿ ಅಡಿಗೆಗೆ ಸಲ್ಲದು. ಆಚಾರ್ರು ಯೋಚಿಸಿ, ಅದನ್ನು ಬಲಗಿವಿಗೆ ಎರಡು ಸುತ್ತು ಸುತ್ತಿಕೊಂಡರು. ಬಹಿರ್ದೆಸೆಗೆ ಹೋಗುವಾಗ ಹಾಗೆ ಸುತ್ತಿಕೊಳ್ಳುವುದು, ಅದು ಕಿವಿಯ ಮೇಲಿರುವ ತನಕ ಬಾಯಿ ತೆರೆಯದೆ ಇರುವುದು ಅಗ್ರಹಾರದಲ್ಲಿ ಉಪನಯನವಾದವರಿಗೆಲ್ಲ ಗೊತ್ತಿದ್ದ ನಿಯಮ. ಹೀಗಾಗಿ ಎರಡನೆಯ ಸಲ ಮೇಲೇರಿದ ಆಚಾರ್ರು ಮೂಕರಾದರು.

“ಈಗ ಎಂಗದೆ ಸ್ವಾಮಿ?” ಎಂದ ಚಿಕ್ಕಣ್ಣ. ಉತ್ತರವಿಲ್ಲ. “ಏನಾರಾ ಏಳಿ ಸ್ವಾಮಿ. ಲೋ, ಉಸ್ರು ಐತೇನ್ರಲಾ ನೋಡ್ರೋ!” ಆಚಾರ್ರು ಕಿವಿಯನ್ನು ತೋರಿಸಿ, ಬಾಯಿಗೆ ಬೆರಳಿಟ್ಟರು. ಚಿಕ್ಕಣ್ಣ ಹಣೆ ಚಚ್ಚಿಕೊಂಡ. “ಸರಿ ಬುಡಿ. ಇಳೀಬೇಕು ಅನ್ಸಿದ್ರೆ ಚಪ್ಪಾಳೆ ಹೊಡೀರಿ.”

ಚಪ್ಪಾಳೆ ಬೇಗ ಬರಲಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಒಂದು ವಿಚಿತ್ರ ನಡೆಯಿತು. ಬೆನ್ನೆಲುಬಿನ ಬುಡದಲ್ಲಿ ಮುಚ್ಚಿಹೋಗಿದ್ದ ಒಂದು ಬಾಗಿಲು ಸದ್ದಿಲ್ಲದೆ ತೆರೆದ ಹಾಗಾಗಿ, ಹಿಮ್ಮಡಿಯ ತನಕ ಎಳೆಯುತ್ತಿದ್ದ ಉರಿ ನಿಂತೇಹೋಯಿತು. ನೋವಿಲ್ಲದ ಮೈ ಹೇಗಿರುತ್ತದೆಂಬುದೇ ಅವರಿಗೆ ಮರೆತಿತ್ತು. ಕಣ್ಣೀರು ಬಂತು. ತಲೆಕೆಳಗಾದವನ ಕಣ್ಣೀರು ಹಣೆಯ ಮೇಲೆ ಹರಿದು ಜುಟ್ಟಿಗೆ ಇಳಿಯುತ್ತದೆ.

ನಡೆದು ಮನೆ ಮುಟ್ಟುವುದರೊಳಗೆ ನೋವು ಅವರಿಗಿಂತ ಮೊದಲೇ ಬಂದು, ಜಗಲಿಯ ಮೇಲೆ ನೆಂಟನಂತೆ ಕಾಲು ಚಾಚಿ ಕೂತಿತ್ತು.

ಆಮೇಲಿನದು ವ್ಯಸನವೇ. ಗರಡಿಗೆ ಹೋಗುವುದು, ತೂಗುವುದು, ಮೈಲಿಗೆಯಾಯಿತೆಂದು ಬಂದು ತಣ್ಣೀರು ಸುರಿದುಕೊಳ್ಳುವುದು, ಆ ತಣ್ಣೀರಿಗೆ ಸೊಂಟ ಮತ್ತೆ ಬಿಗಿಯುವುದು. ಅಗ್ರಹಾರದಲ್ಲಿ ಗುಸುಗುಸು ಎದ್ದಿತು. ಮಡಿ ಅಡಿಗೆಯವರು ಗರಡಿಯಲ್ಲಿ ಏನು ಮಾಡುತ್ತಾರೆ, ಕುಸ್ತಿಯೇ? ಹೆದರಿದ ಆಚಾರ್ರು ಗರಡಿಯನ್ನೇ ಮನೆಗೆ ತಂದರು. ಡಾಕ್ಟರ ಬಾಯಿಂದ ಬಿದ್ದ ಗ್ರೀಸಿನ ಏಣಿ, ಚಿಕ್ಕಣ್ಣನಿಂದ ಕೇಳಿ ತಂದ ನವಾರು, ಸ್ವಂತ ಬಾವಿಯ ಹಗ್ಗ ಮತ್ತು ರಾಟೆ, ಎಳೆಯಲು ನೀರು ಸೇದಿ ಗಟ್ಟಿಯಾದ ಪಂಕಜಮ್ಮನ ತೋಳು. ಹೀಗೆ ಎರಡು ಸಾವಿರ ವರ್ಷಗಳ ತಲೆಕೆಳಗಿನ ವೈದ್ಯವೆಲ್ಲ ಒಂದು ಸೌದೆಮನೆಯಲ್ಲಿ ಬಂದು ಸೇರಿತು. ಅದು ಮುಗಿಯುವ ತನಕ ಗುಮಾಸ್ತನ ಸ್ನಾನವಿಲ್ಲ. ಕಚೇರಿಗೆ ದಿನಾ ತಡ. “ಮನೆ ಯಜಮಾನರು ಇನ್ನೂ ಹಗ್ಗದಿಂದ ಇಳಿದಿರಲಿಲ್ಲ ಸಾರ್” ಎಂದು ಅವನು ನಿಜವನ್ನೇ ಹೇಳಿದ ದಿನ, ಹೆಡ್ ಗುಮಾಸ್ತರು ಅವನನ್ನು ಬಹಳ ಹೊತ್ತು ನೋಡಿ, ಎರಡು ದಿನ ರಜೆ ತೆಗೆದುಕೋ ಎಂದಿದ್ದರು.

ಐವತ್ತೆರಡರ ಮಾಘದಲ್ಲಿ ವಕೀಲರೊಬ್ಬರ ಮನೆಯ ಮದುವೆ ಗೊತ್ತಾಯಿತು. ದೊಡ್ಡ ಮದುವೆ, ದೊಡ್ಡ ಕೊಪ್ಪರಿಗೆ. ಹಿಂದಿನ ಎರಡು ಮದುವೆಗಳಲ್ಲಿ ಆಚಾರ್ರ ಕಡೆಯ ಬಳೆ ಅಲುಗಿದ್ದನ್ನು ಜನ ಕಂಡಿದ್ದರು. ಈ ಸಲ ಜಾರಿದರೆ ಈಳಿಗೆಮಣೆಯೇ ಗತಿ ಎಂಬುದು ಅವರಿಗೂ ಗೊತ್ತಿತ್ತು, ಪಂಕಜಮ್ಮನಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ, ಗುಮಾಸ್ತ ಕಚೇರಿಯಲ್ಲಿದ್ದಾಗ, ಆಚಾರ್ರು ಅಂದಿಗೆ ಎರಡನೆಯ ಸಲ ಏಣಿ ಹತ್ತಿದರು. ಉಪ್ಪಿನಕಾಯಿ ಹಾಕಿಟ್ಟ ಹಾಗೆ ನೋವಿಲ್ಲದ ಹೊತ್ತನ್ನೂ ಮರುದಿನಕ್ಕೆಂದು ಕೂಡಿಡಬಹುದೆಂಬುದು ಅವರ ಲೆಕ್ಕ. “ಇವತ್ತು ಇನ್ನೂ ಮೇಲಕ್ಕೆಳೆಯೇ” ಎಂದರು. ಪಂಕಜಮ್ಮ ಏಣಿ ನೆಟ್ಟಗಾಗುವಷ್ಟು ಎಳೆದು, ಹಗ್ಗವನ್ನು ಕಂಬಕ್ಕೆ ಬಿಗಿದರು. ಆಚಾರ್ರು ಕಿವಿಗೆ ಜನಿವಾರ ಸುತ್ತಿಕೊಂಡರು. ಅಷ್ಟರಲ್ಲಿ ಬೀದಿಬಾಗಿಲಲ್ಲಿ ದನಿ ಕೇಳಿತು.

“ಅಮ್ಮಾ, ಆಚಾರ್ರು ಇದ್ದಾರೇನು?”

ವೆಂಕೋಬ. ಹೋಗದೆ ಇದ್ದರೆ ಅವನೇ ಒಳಗೆ ಬರುವವನು. ಪಂಕಜಮ್ಮ ಸೌದೆಮನೆಯ ಬಾಗಿಲೆಳೆದುಕೊಂಡು ಓಡಿದರು. ನಡುವೆ ಒಂದು ಗೋಡೆ. ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

“ಜಪದಲ್ಲಿದ್ದಾರೆ ಕಣಪ್ಪಾ. ಆಮೇಲೆ ಬರ್ತೀಯಾ?”

“ಇರಲಿ, ಕಾಯ್ತೀನಿ. ಒಂದು ಲೋಟ ಮಜ್ಜಿಗೆ ಕೊಡಿ, ಬಿಸಿಲು.” ಅವನು ನಡುಮನೆಯಲ್ಲೇ ಕೂತ. ಮಜ್ಜಿಗೆ ಕುಡಿದ. ಆಮೇಲೆ ದನಿ ತಗ್ಗಿಸಿದ. “ನಿಮ್ಮ ಹತ್ರವೇ ಹೇಳ್ತೀನಮ್ಮ, ಅವರ ಮುಖ ನೋಡಿ ಹೇಳಕ್ಕಾಗಲ್ಲ. ವಕೀಲರು ಕೇಳಿದ್ರು, ‘ನಿಮ್ಮ ಆಚಾರ್ರ ಕೈಲಿ ಆಗುತ್ತೇನಯ್ಯಾ, ಇಲ್ಲ ಶುಭಕಾರ್ಯದಲ್ಲಿ ಅನ್ನ ಚೆಲ್ತಾರೋ’ ಅಂತ. ಏನಂತ ಹೇಳಲಿ? ಅವರಿಗೆ ಕಾಯಿಲೆ ಕಸಾಲೆ ಏನಾದ್ರೂ ಇದ್ಯಾಮ್ಮ?”

“ಇವರಿಗೇನು, ಗುಂಡುಕಲ್ಲಿನ ಹಾಗಿದ್ದಾರೆ.”

ಗೋಡೆಯ ಈಚೆ ಗುಂಡುಕಲ್ಲಿನ ಕಣ್ಣಿಗೆ ಕತ್ತಲೆ ಬರುತ್ತಿತ್ತು. ತಲೆಯೊಳಗೆ ತಮಟೆ ಬಡಿದ ಹಾಗಾಗುತ್ತಿತ್ತು. ಆಚಾರ್ರು ಒಮ್ಮೆ ಚಪ್ಪಾಳೆ ತಟ್ಟಿದರು.

“ಏನದು ಸದ್ದು?” ಎಂದ ವೆಂಕೋಬ.

“ಪಕ್ಕದ ಮನೇಲಿ ಬಟ್ಟೆ ಒಗೀತಿದಾರೆ” ಎಂದರು ಪಂಕಜಮ್ಮ. ಎದ್ದು ಹೋದರೆ ಅವನೂ ಹಿಂದೆಯೇ ಬರುವವನು.

ಎರಡನೆಯ ಚಪ್ಪಾಳೆಗೆಂದು ಎತ್ತಿದ ಕೈ ಅಲ್ಲೇ ನಿಂತಿತು. ಒಂದು ಕೂಗು ಸಾಕಿತ್ತು. ವೆಂಕೋಬನಂಥ ತೋಳಿನವನು ಇಲ್ಲೇ ಹತ್ತು ಮಾರಿನಲ್ಲಿ ಕೂತಿದ್ದ. ಮೂಗಿನಿಂದ ಬೆಚ್ಚಗೆ ಏನೋ ಹಣೆಯ ಕಡೆಗೆ ಹರಿಯಿತು. ಕಿವಿಯ ಸುತ್ತು ಸಡಿಲವಾಗಿ ಜನಿವಾರ ತಲೆಯ ಮೇಲಿಂದ ಜಾರಿ ಸೌದೆಯ ಹೊಟ್ಟಿನ ಮೇಲೆ ಬಿತ್ತು. ಆಚಾರ್ರು ಕೂಗಲಿಲ್ಲ. ಆಚೆ ವೆಂಕೋಬ ಇನ್ನೊಂದು ಲೋಟ ಮಜ್ಜಿಗೆ ಕೇಳಿದ. ಇಲ್ಲಿ ಕೈ ಸೋತು ಜೋತುಬಿದ್ದು, ಪಕ್ಕದಲ್ಲಿ ಒಟ್ಟಿದ್ದ ಸೌದೆಗೆ ಬಡಿಯಿತು. ಸೌದೆಯ ರಾಶಿ ದಡದಡನೆ ಕುಸಿಯಿತು.

ಪಂಕಜಮ್ಮ ಚೀರಿದರು. ವೆಂಕೋಬ ಅವರಿಗಿಂತ ಮೊದಲು ಓಡಿಬಂದ. ಒಂದೇ ಕೈಯಲ್ಲಿ ಏಣಿಯನ್ನು ತಡೆದು, ಇನ್ನೊಂದು ಕೈಯಲ್ಲಿ ಹಗ್ಗ ಬಿಚ್ಚಿ, ಎಳೆಕೂಸನ್ನು ಇಳಿಸಿದ ಹಾಗೆ ಇಳಿಸಿದ. ಮುಖಕ್ಕೆ ನೀರು ಚಿಮುಕಿಸಿದ. ಆಚಾರ್ರು ಕಣ್ಣು ಬಿಟ್ಟು ಕಂಡದ್ದು ಯಾರು ನೋಡಬಾರದೆಂದಿದ್ದರೋ ಅವನ ಮುಖವನ್ನೇ.

ವೆಂಕೋಬ ನವಾರು ನೋಡಿದ, ರಾಟೆ ನೋಡಿದ, ನೆಲದ ಮೇಲೆ ಬಿದ್ದಿದ್ದ ಜನಿವಾರ ನೋಡಿದ. 

“ಅಮ್ಮಾ, ಗೊತ್ತಾಯ್ತೇ? ಜನಿವಾರ ಕಿವೀಲಿತ್ತು. ಅದಕ್ಕೇ ಉಸಿರೆತ್ತಿಲ್ಲ. ಆಮೇಲೆ ಬಿದ್ದೂ ಹೋಯ್ತು, ಆಗ್ಲೂ ಬಾಯಿ ತೆಗೆದಿಲ್ಲ. ಪ್ರಾಣ ಹೋಗ್ಲಿ, ನಿಯಮ ಮುರೀಬಾರದು ಅಂತ! ನಾನಾಗಿದ್ರೆ ಅಯ್ಯಯ್ಯೋ ಅಂತ ಅಗ್ರಹಾರಾನೇ ಸೇರಿಸ್ಬಿಡ್ತಿದ್ದೆ.”

ಅಡಿಗೆಯವರ ಸಂಚಿಯಲ್ಲಿ ಒಂದು ಜನಿವಾರ ಯಾವಾಗಲೂ ಹೆಚ್ಚಿಗೆ ಇರುತ್ತದೆ. ಒಲೆಯ ಕಿಡಿಗೆ ಮೈಮೇಲಿನದು ಸುಟ್ಟರೆ ಬೇಕಲ್ಲ. ವೆಂಕೋಬ ತನ್ನದನ್ನು ತೆಗೆದು, ಮಂತ್ರವನ್ನು ತಾನೇ ಹೇಳಿ, ಗುರುವಿಗೆ ತೊಡಿಸಿದ. “ಈಗ ಮಾತಾಡಿ ಆಚಾರ್ರೇ.”

ಆಚಾರ್ರು ಕಣ್ಣು ಮುಚ್ಚಿಕೊಂಡರು. “ನಾಳೆ ಕೊಪ್ಪರಿಗೆ ನಾನೇ ಇಳಿಸ್ತೀನಿ” ಎಂದರು. ಅದೊಂದೇ ಮಾತು.

ಮರುದಿನ ಒದ್ದೆಪಂಚೆಯಲ್ಲಿ ಅವರು ಒಲೆಯ ಮುಂದೆ ನಿಂತಾಗ ಸೊಂಟ ಕಲ್ಲಾಗಿತ್ತು. ಕೂಡಿಟ್ಟದ್ದೇನೂ ಉಳಿದಿರಲಿಲ್ಲ. ಬಾಗಿದರು. ಬಳೆ ಹಿಡಿದರು. ಎತ್ತಲಾಗದೆಂಬುದು ಬೆರಳು ಸೋಕಿದಾಗಲೇ ಗೊತ್ತಾಯಿತು. ಈಳಿಗೆಮಣೆಗಳ ಸಾಲಿನಲ್ಲಿ ಕರಕರ ಸದ್ದು ನಿಂತು, ಎಲ್ಲರ ಕಣ್ಣೂ ಇತ್ತ ತಿರುಗಿದವು. ಆಗ ವೆಂಕೋಬ ಇನ್ನೊಬ್ಬನನ್ನು ಕಣ್ಸನ್ನೆಯಲ್ಲೇ ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದ: “ನೀವು ಕೈ ಮುಟ್ಟಿಸಿ ಸಾಕು ಆಚಾರ್ರೇ. ನಿಮ್ಮಂಥ ನಿಷ್ಠರ ಕೈ ಸೋಕಿದ್ರೆ ಅದೇ ನೈವೇದ್ಯ. ಎತ್ತೋದಕ್ಕೆ ನಾವು ಕತ್ತೆಗಳಿದೀವಿ.”

ಅವನು ಆಗಲೇ ಛತ್ರದ ತುಂಬ ಕಥೆ ಹಬ್ಬಿಸಿದ್ದ. ವಕೀಲರು ಬಂದು ಕೈಮುಗಿದರು. ವಕೀಲರ ತಾಯಿ, ಮೊಮ್ಮಗಳ ಧಾರೆಯ ಗಡಿಬಿಡಿಯಲ್ಲೂ ಒಳಗೆ ಬಂದು, ಬಾಗಿ ನಿಂತ ಆಚಾರ್ರನ್ನು ಕಣ್ತುಂಬ ನೋಡಿಹೋದರು. ಕೊಪ್ಪರಿಗೆ ಇಳಿಯಿತು. ಸೌಟು ಆಚಾರ್ರ ಕೈಯಲ್ಲೇ ಉಳಿಯಿತು. ಅಂದಿನಿಂದ ಆ ಗುಂಪಿನ ಕಟ್ಟಳೆಯೇ ಬದಲಾಯಿತು: ಹಿರಿಯ ಅಡಿಗೆಯವನು ಕೈ ಮುಟ್ಟಿಸಿದರೆ ಸಾಕು.

ಹೊಗಳಿಕೆ ಮಾತ್ರ ಸೊಂಟಕ್ಕೆ ಒಳ್ಳೆಯದಲ್ಲ. ನಿಷ್ಠರೆಂದು ಹೆಸರು ಬಿದ್ದ ಮೇಲೆ ಹೆಸರಿಗೆ ತಕ್ಕ ಹಾಗೆ ಇರಬೇಕಲ್ಲ. ಬಿಸಿನೀರು ಬಿಟ್ಟರು. ಧನುರ್ಮಾಸದ ಚಳಿಯಲ್ಲೂ ತಣ್ಣೀರು, ಮೈಮೇಲೆ ಒದ್ದೆಪಂಚೆ, ಕಲ್ಲುನೆಲ. ಮಡಿಯ ವಿಷಯದಲ್ಲಿ ಸಂಶಯ ಬಂದರೆ ಜನ ಅವರನ್ನೇ ಕೇಳಲು ಬರುತ್ತಿದ್ದರು. ಅವರೆದುರಿಗೆ ನರಳುವ ಹಾಗಿಲ್ಲ, ಗೋಡೆಗೆ ಒರಗುವ ಹಾಗಿಲ್ಲ. ವರ್ಷ ಕಳೆದ ಹಾಗೆ ನೋವು ಎಡಗಾಲನ್ನೂ ನುಂಗಿತು. ರಾತ್ರಿಯ ನಿದ್ದೆ ಹೋಯಿತು. ಒಂದು ದಿನ ಚಿಕ್ಕಣ್ಣ ನೋಡಲು ಬಂದವನು, ಆ ಕಾಲನ್ನು ಮುಟ್ಟಿ ನೋಡಿ, ಯಾವ ತಮಾಷೆಯನ್ನೂ ಮಾಡದೆ ಎದ್ದುಹೋದ. ಅದು ಆಚಾರ್ರಿಗೆ ಡಾಕ್ಟರ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಆದರೂ ದಿನಾ ಬೆಳಿಗ್ಗೆ ಏಣಿ ತಪ್ಪಲಿಲ್ಲ. ಪಂಕಜಮ್ಮನ ತೋಳು ಸೋತ ಮೇಲೆ, ಗುರುವಿನ ಸೇವೆಯೆಂದು ವೆಂಕೋಬನೇ ಬಂದು ಹಗ್ಗ ಎಳೆಯುತ್ತಿದ್ದ. ಅವನು ಎಳೆಯುವಾಗ ಆಚಾರ್ರು ಕಣ್ಣು ತೆರೆಯುತ್ತಿರಲಿಲ್ಲ.

ಹತ್ತು ವರ್ಷ ಹೀಗೇ ಹೋಯಿತು. ಗುಮಾಸ್ತನಿಗೆ ಮದುವೆಯಾಗಿ, ಅವನೂ ಹೆಂಡತಿಯೂ ಬೇರೆ ಮನೆ ಮಾಡಿದ್ದರು. ಕುರ್ಚಿಯಲ್ಲಿ ಕೂತು ಕೂತು ಅವನಿಗೂ ಸೊಂಟನೋವು ಬಂದಿತ್ತು. ಅರವತ್ತೆರಡರಲ್ಲಿ ಒಂದು ಭಾನುವಾರ ಅವನು ಆಚಾರ್ರನ್ನು ನೋಡಲು ಹೋದ. ಯಾವುದೋ ಪತ್ರಿಕೆಯಲ್ಲಿ ಓದಿದ ಸುದ್ದಿಯನ್ನು ದೊಡ್ಡ ಉಡುಗೊರೆಯೆಂಬಂತೆ ಹೊತ್ತುಕೊಂಡು ಹೋಗಿದ್ದ. ಸೊಂಟನೋವಿಗೆ ತಲೆಕೆಳಗೆ ತೂಗುವುದನ್ನು ಈಗ ಪರದೇಶದ ಡಾಕ್ಟರುಗಳೂ ಹೇಳುತ್ತಿದ್ದಾರಂತೆ.

ಆಚಾರ್ರು ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದರು. ಕೆನ್ನೆ ಒಳಗೆ ಹೋಗಿತ್ತು. “ಹೇಳಲಿ ಬಿಡು” ಎಂದರು. “ಅವರ ಹೆಂಡಿರು ಎಳೀತಾರೇನು ಹಗ್ಗ?”

“ನೋವು ಈಗ ಹೇಗಿದೆ ಆಚಾರ್ರೇ?”

“ಇದೆ.”

ನಡುಮನೆಯಲ್ಲಿ ಇನ್ಯಾರೂ ಇರಲಿಲ್ಲ. ಪಂಕಜಮ್ಮ ಬಾವಿಯ ಹತ್ತಿರ ಹಗ್ಗಕ್ಕಾಗಿ ಹುಡುಕುತ್ತಿದ್ದ ಸದ್ದು ಕೇಳುತ್ತಿತ್ತು. ಗುಮಾಸ್ತನಿಗೆ ಬಹಳ ಕಾಲದಿಂದ ಒಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಕೇಳಬಾರದೆಂಬುದೂ ಗೊತ್ತಿತ್ತು. ಬುದ್ಧಿ ಚುರುಕಿಲ್ಲದವನು, ಆದರೂ ಕೇಳಿಬಿಟ್ಟ.

“ಆಚಾರ್ರೇ, ಅವತ್ತು ಪ್ರಾಣ ಹೋಗೋ ಹಾಗಾದ್ರೂ ನೀವು ಕೂಗಲಿಲ್ಲವಲ್ಲ. ನಿಜವಾಗಲೂ ಜನಿವಾರಕ್ಕೇನಾ?”

ಆಚಾರ್ರು ತಲೆ ಎತ್ತಿ, ಬೀದಿಬಾಗಿಲ ಕಡೆಗೆ ಒಮ್ಮೆ ನೋಡಿದರು. ವೆಂಕೋಬ ಬರುವ ಹೊತ್ತಾಗಿತ್ತು.

“ಜನಿವಾರವಂತೆ ಜನಿವಾರ! ಕೂಗಿದ್ರೆ ಸೊಂಟ ಬಿದ್ದಿದೆ ಅಂತ ವೆಂಕೋಬಂಗೆ ಗೊತ್ತಾಗಿ ನನ್ನ ಸೌಟು ಹೋಗ್ತಿತ್ತಲ್ಲೋ, ಮುಠ್ಠಾಳ.”